ಕಾವಲು, ಗಾಣ, ಗಾಳಿ

ಚಿತ್ರದುರ್ಗ ಜಿಲ್ಲೆಯ ಪೂರ್ವೋತ್ತರ ಭಾಗದಲ್ಲಿ, ಆಂಧ್ರದ ರಾಯದುರ್ಗದ ಸೀಮೆಗೂ ಬಳ್ಳಾರಿಯ ಬಯಲಿಗೂ ಒತ್ತಿಕೊಂಡಿರುವ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳ ಪೂರ್ವವೃತ್ತಾಂತವನ್ನು ಬರೆಯಹೊರಟವರು ಸಾಮಾನ್ಯವಾಗಿ ಅಶೋಕನಿಂದಲೇ ಆರಂಭಿಸುತ್ತಾರೆ. 1892ರಲ್ಲಿ ಬಿ. ಎಲ್. ರೈಸರು ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗರಾಮೇಶ್ವರಗಳಲ್ಲಿ ಮೌರ್ಯ ಸಾಮ್ರಾಟನ ಶಾಸನಗಳನ್ನು ಕಂಡುಹಿಡಿದುದು, 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಬ್ರಹ್ಮಗಿರಿಯ ಬುಡವನ್ನು ಅಗೆಯಿಸಿ ನವಶಿಲಾಯುಗದ ಜನವಸತಿಯನ್ನು ಬೆಳಕಿಗೆ ತಂದುದು, ಇವೆರಡೂ ಈ ಸೀಮೆಗೆ ಒದಗಿದ ಕೀರ್ತಿಯಾದುದರಿಂದ ಹಾಗೆ ಆರಂಭಿಸುವುದು ಸಹಜವೂ ಹೌದು. ಆದರೆ ನಾನಿಲ್ಲಿ ಪ್ರಸ್ತಾಪಿಸಬೇಕೆಂದಿರುವುದು ಅರಸರ ಕಥೆಯನ್ನಲ್ಲ. ಈ ನೆಲದಲ್ಲಿ ಬಂಡಿಯನ್ನು ಎಳೆದ, ಗಾಣವನ್ನು ತಿರುಗಿಸಿದ, ಮನೆಯ ದೀಪವನ್ನು ಉರಿಸಿದ ಶಕ್ತಿಯ ಕಥೆಯನ್ನು. ದಿಬ್ಬಗಳ ನೆತ್ತಿಯ ಮೇಲೆ ಗಾಳಿಯಂತ್ರಗಳು ತಿರುಗುವುದನ್ನೂ ಬಯಲಿನಲ್ಲಿ ಸೌರಫಲಕಗಳು ಮಿರುಗುವುದನ್ನೂ ಕಂಡು, ಹೊಗೆಯಿಲ್ಲದ ಶಕ್ತಿಯ ಯುಗ ಈ ಬರಗಾಲದ ನಾಡಿಗೆ ಈಗಷ್ಟೇ ಕಾಲಿಟ್ಟಿತೆಂದು ಸಂತೋಷಪಡುವವರುಂಟು. ಆ ಸಂತೋಷದಲ್ಲಿ ನನಗೂ ಪಾಲಿದೆ. ಆದರೂ ಹೊಗೆಯಿಲ್ಲದ ಶಕ್ತಿ ಇಲ್ಲಿ ಬಹುಕಾಲದಿಂದ ಇದ್ದಿತೆಂಬುದನ್ನೂ, ಅದನ್ನು ಉತ್ಪಾದಿಸುತ್ತಿದ್ದ ನೆಲವನ್ನೇ ಹೊಸ ಶಕ್ತಿಯು ಇಂದು ಬೇಡುತ್ತಿದೆಯೆಂಬುದನ್ನೂ ಹೇಳದೆ ಬಿಟ್ಟರೆ ಚರಿತ್ರೆ ಅರ್ಧವಾದೀತು.

ಆ ನೆಲವೇ ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎಂಬ ಹೆಸರಿನಿಂದ ನಡೆಯುತ್ತಿದ್ದ, ಟಿಪ್ಪುವಿನ ಕಾಲದಲ್ಲಿ ಅಮೃತಮಹಲ್ ಎನಿಸಿಕೊಂಡ ಈ ಸರ್ಕಾರೀ ದನಗಳ ಇಲಾಖೆಗೆ ಮೈಸೂರು ಸೀಮೆಯ ಉದ್ದಗಲಕ್ಕೂ ಹುಲ್ಲುಗಾವಲುಗಳಿದ್ದವು. ಬೇಸಗೆಯಲ್ಲಿ ಒಂದೆಡೆ, ಮಳೆಗಾಲದಲ್ಲಿ ಇನ್ನೊಂದೆಡೆ, ಚಳಿಗಾಲದಲ್ಲಿ ಮತ್ತೊಂದೆಡೆ ಎಂಬಂತೆ ಹಿಂಡುಗಳು ಋತುಮಾನವನ್ನನುಸರಿಸಿ ಒಂದು ಕಾವಲಿನಿಂದ ಮತ್ತೊಂದಕ್ಕೆ ನಡೆಯುತ್ತಿದ್ದವು. ಮೈಕಟ್ಟಿನಲ್ಲಿ ಬಿಗಿ, ನಡೆಯಲ್ಲಿ ಚುರುಕು, ಸ್ವಭಾವದಲ್ಲಿ ಸಿಡುಕು, ಹಿಂದಕ್ಕೆ ಬಾಗಿ ಮೊನೆಗೂಡುವ ನೀಳವಾದ ಕೊಂಬು, ಇವು ಆ ತಳಿಯ ಲಕ್ಷಣ. ಹೈದರಾಲಿಯು ಚಿದಂಬರದ ನೆರವಿಗೆ ಎರಡೂವರೆ ದಿನದಲ್ಲಿ ನೂರು ಮೈಲಿ ನಡೆದನೆಂದು ಚರಿತ್ರಕಾರರು ಬರೆದಿದ್ದಾರಲ್ಲ, ಆ ನಡೆ ಸೈನಿಕರ ಕಾಲಿಗಿಂತ ಹೆಚ್ಚಾಗಿ ಫಿರಂಗಿ ಎಳೆದ ಈ ಎತ್ತುಗಳ ಕಾಲಿನದು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಹಿಂಡುಗಳು ಇಂಗ್ಲಿಷರ ವಶವಾದವು. 1860ರಲ್ಲಿ ಖರ್ಚಿನ ಲೆಕ್ಕ ಹಾಕಿದ ಮದರಾಸು ಸರ್ಕಾರವು ಅವನ್ನು ಚದರಿಸಿ ಮಾರಿತು. ಫಿರಂಗಿಗೆ ಎತ್ತು ಸಿಗದಂತಾದಾಗ ಬುದ್ಧಿ ತಿಳಿದು 1866ರಲ್ಲಿ ಮತ್ತೆ ಕಟ್ಟಿತು. ಶಕ್ತಿಯ ಮೂಲವನ್ನು ದಂಡವೆಂದೆಣಿಸಿ ಕೈಬಿಟ್ಟು, ಆಮೇಲೆ ಅದಕ್ಕಾಗಿ ಪರದಾಡಿದ ಈ ಪ್ರಸಂಗ ನಮ್ಮ ಆಡಳಿತದ ಕಡತಗಳಲ್ಲಿ ಒಂದೇ ಸಲ ನಡೆದುದಲ್ಲ.

ಚಳ್ಳಕೆರೆ ತಾಲ್ಲೂಕಿನ ಕುದಾಪುರ, ವರವು, ದೊಡ್ಡಉಳ್ಳಾರ್ತಿ ಮೊದಲಾದ ಕಾವಲುಗಳು ಈ ವ್ಯವಸ್ಥೆಯ ಅಂಗಗಳು. ಸರ್ಕಾರದ ದನಗಳು ಬಾರದ ಕಾಲದಲ್ಲಿ ಮಾತ್ರವಲ್ಲದೆ ಬಂದ ಕಾಲದಲ್ಲಿಯೂ ಸುತ್ತಣ ಹಟ್ಟಿಗಳ ಜನರು ಅವುಗಳನ್ನು ಆಶ್ರಯಿಸಿಯೇ ಬಾಳಿದರು. ಮ್ಯಾಸನಾಯಕರು, ಕಾಡುಗೊಲ್ಲರು, ಕುರುಬರು ಇಲ್ಲಿನ ಹಳೆಯ ಪಶುಪಾಲಕರು. ಮ್ಯಾಸನಾಯಕರಲ್ಲಿ ದೇವರ ಹೆಸರಿಗೆ ಬಿಟ್ಟ ದನಗಳ ಹಿಂಡುಗಳು ಇಂದಿಗೂ ಉಂಟು. ‘ದೇವರ ಎತ್ತು’ಗಳೆನಿಸಿದ ಇವುಗಳ ಹೆಗಲಿಗೆ ನೊಗವಿಡುವಂತಿಲ್ಲ, ಇವನ್ನು ಸಂತೆಗೆ ಹೊಡೆಯುವಂತಿಲ್ಲ. ಅವನ್ನು ಕಾಯತಕ್ಕವನು ಕಿಲಾರಿ. ಬರ ಬಿದ್ದ ವರ್ಷ ತನ್ನ ಮನೆಯ ಅನ್ನಕ್ಕಿಂತ ಹಿಂಡಿನ ಮೇವಿನ ಚಿಂತೆಯೇ ಅವನಿಗೆ ದೊಡ್ಡದಾಗಿರುತ್ತದೆ. ಕುರುಬರ ಕುರಿಗಳ ತುಪ್ಪಟವಾದರೋ ಮಗ್ಗಕ್ಕೆ ಹೋಗಿ ಚಳ್ಳಕೆರೆಯ ಹೆಸರುವಾಸಿ ಕಂಬಳಿಯಾಯಿತು. ಹೀಗೆ ಉಳುಮೆಗೆ ಎತ್ತು, ಒಲೆಗೆ ಬೆರಣಿ, ಹೊಲಕ್ಕೆ ಗೊಬ್ಬರ, ಮೈಗೆ ಕಂಬಳಿ, ದೇವರಿಗೆ ಹಿಂಡು, ಇಷ್ಟನ್ನೂ ಒದಗಿಸಿಕೊಡುತ್ತಿದ್ದ ಭೂಮಿಯು ಕಂದಾಯದ ಪುಸ್ತಕದಲ್ಲಿ ಮಾತ್ರ ಏನೂ ಬೆಳೆಯದ ಭೂಮಿಯಾಗಿ ಉಳಿಯಿತು.

ಎತ್ತಿನ ಬಲವನ್ನು ನೇಗಿಲಿಗಿಂತಲೂ ಸ್ಪಷ್ಟವಾಗಿ ಕಾಣಬಹುದಾಗಿದ್ದುದು ಗಾಣದಲ್ಲಿ. ನೆಲದಲ್ಲಿ ಹೂತ ದೊಡ್ಡ ಒರಳು. ಅದರೊಳಗೆ ಓರೆಯಾಗಿ ನಿಂತು ಉರುಳುವ ಮರದ ದಿಂಡು. ದಿಂಡಿನ ತಲೆಗೆ ಬಿಗಿದ ಅಡ್ಡಮರ. ಅಡ್ಡಮರದ ಮೇಲೆ ಭಾರಕ್ಕೆಂದು ಹೇರಿದ ಕಲ್ಲು, ಕೆಲವೊಮ್ಮೆ ಕಲ್ಲಿನ ಬದಲು ಗಾಣಿಗನ ಮಗನೇ. ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬೆಳಗಿನಿಂದ ಬೈಗಿನವರೆಗೆ ಅದೇ ಸುತ್ತನ್ನು ಸುತ್ತುವ ಎತ್ತು. ಎಳ್ಳೋ ಹುಚ್ಚೆಳ್ಳೋ ಕುಸುಬೆಯೋ ಮೊದಲು ನುರಿದು ಪುಡಿಯಾಗಿ, ಸ್ವಲ್ಪ ನೀರು ಚಿಮುಕಿಸಿದ ಮೇಲೆ ಉಂಡೆಗೂಡಿ, ಆಮೇಲೆ ಒರಳಿನ ಅಂಚಿನಲ್ಲಿ ಎಣ್ಣೆ ಜಿನುಗಲಾರಂಭಿಸುತ್ತಿತ್ತು. ಉಳಿದ ಹಿಂಡಿ ಮತ್ತೆ ಎತ್ತಿನ ಬಾಯಿಗೇ. ಹೊಂಗೆಯ ಎಣ್ಣೆ, ಹರಳೆಣ್ಣೆಗಳು ದೀಪಕ್ಕಾದವು. ಬೀಜ ತಂದವನು ಎಣ್ಣೆ ಒಯ್ದು ಕೂಲಿಗೆ ಒಂದು ಪಾಲು ಬಿಡುತ್ತಿದ್ದ ಈ ವ್ಯವಹಾರದಲ್ಲಿ ಹೊರಗಿನಿಂದ ಬರಬೇಕಾದ ಇಂಧನ ಒಂದು ಹನಿಯೂ ಇರಲಿಲ್ಲ. ಆದರೆ ಇದನ್ನು ಸ್ವರ್ಣಯುಗವೆಂದು ಕೊಂಡಾಡುವ ಚಾಪಲ್ಯ ನನಗಿಲ್ಲ. ಗಾಣದೆತ್ತಿನಂಥ ಬಾಳು ಎಂದು ನಮ್ಮವರು ಆಡುವ ಮಾತು ಎತ್ತನ್ನು ಕುರಿತುದು ಮಾತ್ರವಲ್ಲ.

ಸೀಮೆಎಣ್ಣೆ ಬಂದು ಹರಳೆಣ್ಣೆಯ ದೀಪವನ್ನು ಆರಿಸಿದ ಮೇಲೆ ಈ ಸೀಮೆಯ ಭಾಗ್ಯವನ್ನು ಬದಲಿಸಿದುದು ಶೇಂಗಾ. ದಕ್ಷಿಣ ಅಮೆರಿಕೆಯ ಈ ಕಾಯಿ ನಾಲ್ಕು ಮಳೆ ಬಿದ್ದರೂ ಕೈಬಿಡದೆ ಬರುವ ಗುಣದಿಂದಾಗಿ ಚಳ್ಳಕೆರೆಯ ಕೆಂಪು ಮರಳುನೆಲಕ್ಕೆ ಹೇಳಿ ಮಾಡಿಸಿದಂತಾಯಿತು. 1940ರಲ್ಲಿ ತಿಂಡಿವನದಿಂದ ಹೊರಬಂದ ಟಿಎಂವಿ-2 ತಳಿಯನ್ನು ಇಲ್ಲಿನ ರೈತರು ಎಷ್ಟು ಹೊಸ ತಳಿಗಳು ಬಂದರೂ ಇಂದಿಗೂ ಬಿಟ್ಟಿಲ್ಲ. ಎಂಜಿನ್ನಿನ, ಬಳಿಕ ವಿದ್ಯುತ್ತಿನ ಬಲದಿಂದ ನಡೆಯುವ ಗಿರಣಿಗಳು ಸಾಲುಸಾಲಾಗಿ ಎದ್ದು, ಎಣ್ಣೆಯ ದರ ಕೇಳಲು ಮುಂಬಯಿಯ ನಂತರ ಚಳ್ಳಕೆರೆಯ ಕಡೆಗೇ ವರ್ತಕರು ಕಿವಿಗೊಡುತ್ತಿದ್ದ ಕಾಲ ಬಂದು, ಊರಿಗೆ ‘ಎರಡನೆಯ ಮುಂಬಯಿ’ ಎಂಬ ಬಿರುದೂ ‘ಎಣ್ಣೆ ನಗರ’ವೆಂಬ ಹೆಸರೂ ನಿಂತವು. ಗಿರಣಿಯವರು ಶೇಂಗಾ ಸಿಪ್ಪೆಯನ್ನು ಬಾಯ್ಲರಿಗೆ ಉರುವಲಾಗಿ ಬಳಸಿದುದನ್ನು, ಕೃಷಿತ್ಯಾಜ್ಯದಿಂದ ಶಕ್ತಿಯೆಂದು ಇಂದು ವಿಚಾರಸಂಕಿರಣಗಳಲ್ಲಿ ವಿವರಿಸುವ ವಿದ್ವಾಂಸರು ಒಮ್ಮೆ ನೋಡಿ ಬಂದರೆ ಒಳಿತು. 1986ರ ಎಣ್ಣೆಬೀಜಗಳ ತಂತ್ರಜ್ಞಾನ ಮಿಷನ್ನಿನಿಂದ ಬಂದ ಹುರುಪು, ಖಾದ್ಯತೈಲದ ಆಮದು ತೊಂಬತ್ತರ ದಶಕದಲ್ಲಿ ಮುಕ್ತವಾಗಿ ಹೊರನಾಡಿನ ಅಗ್ಗದ ತಾಳೆ ಎಣ್ಣೆ ಹರಿದುಬಂದಾಗ ಕುಂದಿತು. ಅನೇಕ ಗಿರಣಿಗಳು ಬಾಗಿಲು ಹಾಕಿದವು.

ವಿದ್ಯುತ್ತಿನ ಮಾತಿಗೆ ಬಂದರೆ, ಮೈಸೂರು ಸಂಸ್ಥಾನವು 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ತನ್ನು ಒಯ್ದುದನ್ನು ಎಲ್ಲರೂ ಹೆಮ್ಮೆಯಿಂದ ಸ್ಮರಿಸುತ್ತಾರೆ; ಆಮೇಲೆ ಜೋಗ, ಶರಾವತಿ. ನಾಡಿನ ಶಕ್ತಿಯೆಲ್ಲ ನೀರು ಧುಮುಕುವ ಕಡೆ ಹುಟ್ಟಿ, ನೀರಿಲ್ಲದ ಕಡೆಗೆ ತಂತಿಯ ತುದಿಯಲ್ಲಿ ಮಿಣುಕುತ್ತ ತಲುಪಿತು. ವೇದಾವತಿಯೊಂದು ಈ ಸೀಮೆಗಿದ್ದ ನದಿ. ಅದಕ್ಕೂ 1907ರಲ್ಲಿ ಮೇಲುಗಡೆ ಮಾರಿಕಣಿವೆಯಲ್ಲಿ ಕಟ್ಟೆ ನಿಂತಿತು. ಆ ವಾಣಿವಿಲಾಸ ಸಾಗರವಾದರೂ 1933ರಲ್ಲೊಮ್ಮೆ ತುಂಬಿ, ಮತ್ತೆ ಕೋಡಿ ಬಿದ್ದುದು 2022ರಲ್ಲಿ. ಮೊಳಕಾಲ್ಮೂರಿನ ರೇಷ್ಮೆಯ ನೇಕಾರನು ನೆಲದ ಗುಂಡಿಯಲ್ಲಿ ಕಾಲಿಳಿಬಿಟ್ಟು, ಅಂಚಿನ ಬಣ್ಣಕ್ಕೆ ಒಂದು ಲಾಳಿ, ಒಡಲಿನ ಬಣ್ಣಕ್ಕೆ ಒಂದು ಲಾಳಿ ಎಂದು ಎಸೆಯುತ್ತಿದ್ದಾಗ ಅವನಿಗೆ ಬೇಕಾಗಿದ್ದುದು ಅಶ್ವಶಕ್ತಿಯಲ್ಲ, ಕೂದಲೆಳೆಯಂಥ ನೂಲು ತಪ್ಪದೆ ಕಾಣುವಷ್ಟು ಬೆಳಕು. ಅದಕ್ಕಾಗಿ ಅವನು ಬಹುಕಾಲ ಹಗಲನ್ನೂ ಲಾಟೀನನ್ನೂ ನಂಬಿದ.

ಇಂಥ ನಾಡಿಗೆ ಪ್ರಕೃತಿಯು ಮಳೆಯ ಬದಲಿಗೆ ಕೊಟ್ಟುದು ಗಾಳಿ, ಬಿಸಿಲು. ಆಷಾಢದಲ್ಲಿ ಪಡುವಣಗಾಳಿ ಸಹ್ಯಾದ್ರಿಯ ಆಚೆಯೇ ಮಳೆಯನ್ನು ಸುರಿದು ಬಂದು, ಇಲ್ಲಿ ಬರಿಯ ಮೋಡಗಳನ್ನು ಓಡಿಸಿಕೊಂಡು ಹೋಗುತ್ತದೆ. ಗಾಳಿ ಬಂದಾಗ ತೂರಿಕೋ ಎಂಬ ಗಾದೆಯನ್ನು ಕಣದಲ್ಲಿ ನಿಂತು ಮೊರದಿಂದ ಕಾಳು ತೂರಿದವರೇ ಕಟ್ಟಿರಬೇಕು. ಆದರೆ ಆಷಾಢದ ಗಾಳಿಗೆ ತೂರಲು ರೈತನ ಬಳಿ ಏನೂ ಇರುತ್ತಿರಲಿಲ್ಲ. ಮಳೆಯನ್ನು ಕಸಿದುಕೊಂಡ ಆ ಗಾಳಿಯೇ ಬೆಲೆಯುಳ್ಳ ವಸ್ತುವೆಂಬುದು ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಮನವರಿಕೆಯಾಯಿತು. 1996ರಲ್ಲಿ ಸ್ಥಾಪಿತವಾದ ಕರ್ನಾಟಕ ನವೀಕರಿಸಬಹುದಾದ ಇಂಧನ ಅಭಿವೃದ್ಧಿ ನಿಗಮದ ಕಾಲದಲ್ಲಿ, ಚಿತ್ರದುರ್ಗದ ಜೋಗಿಮಟ್ಟಿಯ ಕಡೆಯ ಗುಡ್ಡಗಳಿಂದ ಆರಂಭಿಸಿ ಜಿಲ್ಲೆಯ ದಿಬ್ಬಗಳ ಮೇಲೆ ಗಾಳಿಯಂತ್ರಗಳು ಎದ್ದವು. ಕ್ಯೋಟೋ ಒಪ್ಪಂದದ ಪ್ರಕಾರ ಇಲ್ಲಿ ಉಳಿಸಿದ ಇಂಗಾಲದ ಲೆಕ್ಕವನ್ನು ಹೊರದೇಶಗಳಿಗೆ ಮಾರುವ ವ್ಯಾಪಾರವೂ ನಡೆಯಿತು. ಗಾಳಿಯಂತ್ರದ ವಿಷಯದಲ್ಲಿ ಒಂದು ಗುಣವನ್ನು ಒಪ್ಪಲೇಬೇಕು: ಕಂಬದ ಬುಡಕ್ಕೂ ದಾರಿಗೂ ಬೇಕಾದಷ್ಟನ್ನು ಬಿಟ್ಟರೆ ಉಳಿದ ನೆಲದಲ್ಲಿ ಹುಲ್ಲು ಬೆಳೆಯುತ್ತದೆ, ಕುರಿ ಮೇಯುತ್ತದೆ. ದಾರಿ ಕಡಿದ ಗುಡ್ಡದ ಮಣ್ಣು ಮಳೆಯಲ್ಲಿ ಇಳಿದುಹೋಗುವುದು ಬೇರೆಯ ದೂರು.

ಬಿಸಿಲಿನ ಕಥೆ ಹಾಗಲ್ಲ. ಸೌರಫಲಕಕ್ಕೆ ನೆಲ ಬೇಕು, ನೆಲದ ಸುತ್ತ ಬೇಲಿ ಬೇಕು. 2008ರಿಂದ 2010ರವರೆಗಿನ ಅವಧಿಯಲ್ಲಿ ಚಳ್ಳಕೆರೆಯ ಅಮೃತಮಹಲ್ ಕಾವಲುಗಳಲ್ಲಿ ಒಂಬತ್ತು ಸಾವಿರಕ್ಕೂ ಮಿಕ್ಕ ಎಕರೆಯನ್ನು ಸರ್ಕಾರವು ಡಿಆರ್‌ಡಿಒ, ಭಾರತೀಯ ವಿಜ್ಞಾನ ಸಂಸ್ಥೆ, ಭಾಭಾ ಅಣುಸಂಶೋಧನ ಕೇಂದ್ರ, ಇಸ್ರೋ ಮೊದಲಾದವುಗಳಿಗೆ ಹಂಚಿತು. ಅದರಲ್ಲಿ 1,250 ಎಕರೆ ಒಂದು ಖಾಸಗಿ ಸೌರಶಕ್ತಿ ಸಂಸ್ಥೆಯ ಪಾಲಾಯಿತು. ಗೋಡೆಗಳು ಏಳತೊಡಗಿದಾಗಲೇ ಎಷ್ಟೋ ಹಳ್ಳಿಗಳವರಿಗೆ ವಿಷಯ ತಿಳಿದುದು. ದನ ಹೊಡೆದುಕೊಂಡು ಹೊರಟವನಿಗೆ, ಹಿರಿಯರ ಕಾಲದಿಂದ ನಡೆದ ದಾರಿಯಲ್ಲಿ ಕಲ್ಲುಗೋಡೆ ಎದುರಾಯಿತು. ಪರಿಸರಾಸಕ್ತರೂ ಗ್ರಾಮಸ್ಥರೂ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ಮೆಟ್ಟಿಲೇರಿದರು. 2013ರಲ್ಲಿ ಸತ್ಯಶೋಧಕ ಸಮಿತಿಯೊಂದು ಬಂದು ನೋಡಿತು. 2014ರ ಆಗಸ್ಟಿನಲ್ಲಿ ತೀರ್ಪು ಹೊರಬಿದ್ದು, ನಿಬಂಧನೆಗಳೊಡನೆ ಸಂಸ್ಥೆಗಳ ಕಾರ್ಯ ಮುಂದುವರಿಯಿತು. 2017ರಲ್ಲಿ ವೈಮಾನಿಕ ಪರೀಕ್ಷಾ ವಲಯ ಉದ್ಘಾಟನೆಯಾಗಿ, 2023ರಲ್ಲಿ ಇಸ್ರೋದ ಮರುಬಳಕೆಯ ವಾಹನ ಅಲ್ಲಿನ ಓಡುದಾರಿಯ ಮೇಲೆ ತಾನಾಗಿ ಬಂದಿಳಿದುದನ್ನು ದೇಶವೆಲ್ಲ ಕೊಂಡಾಡಿತು. ದೇಶದ ರಕ್ಷಣೆಗೂ ವಿಜ್ಞಾನಕ್ಕೂ ಎಡೆ ಬೇಕೆಂಬುದರಲ್ಲಿ ನನಗೆ ಭಿನ್ನಾಭಿಪ್ರಾಯವಿಲ್ಲ. ಕೇಳುವವರಿಲ್ಲದ ನೆಲವೆಂಬ ಭಾವನೆಯಿಂದ ಅದನ್ನು ಹಂಚಿದ ರೀತಿಗೆ ಮಾತ್ರ ನನ್ನ ಆಕ್ಷೇಪಣೆ.

ಇದರೊಡನೆ ಹೋಲಿಸಿ ನೋಡತಕ್ಕ ಉದಾಹರಣೆ ಚಳ್ಳಕೆರೆಯ ನೆರೆಯಲ್ಲೇ ಇದೆ. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ತಿರುಮಣಿ, ವಳ್ಳೂರು, ಬಳಸಮುದ್ರ, ಕ್ಯಾತಗಾನಚೆರ್ಲು, ರಾಯಚೆರ್ಲು ಗ್ರಾಮಗಳಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟಿನ ಸೌರ ಉದ್ಯಾನ ತಲೆಯೆತ್ತಿತು. 2018ರ ಮಾರ್ಚಿನಲ್ಲಿ ಮೊದಲ ಹಂತ ಉದ್ಘಾಟನೆಯಾಗಿ, 2019ರ ಕೊನೆಗೆ ಕೆಲಸ ಪೂರ್ಣವಾಯಿತು. ಅಲ್ಲಿ ಸರ್ಕಾರವು ರೈತರ ಭೂಮಿಯನ್ನು ಕೊಳ್ಳಲಿಲ್ಲ, ಕಸಿಯಲೂ ಇಲ್ಲ; ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ನೂರಕ್ಕೆ ಐದರಂತೆ ಏರಿಕೆ ಎಂಬ ಕರಾರಿನ ಮೇಲೆ ಗುತ್ತಿಗೆಗೆ ಪಡೆಯಿತು. ಪಹಣಿಯಲ್ಲಿ ಹೆಸರು ಹಾಗೆಯೇ ಉಳಿಯಿತು. ಮಳೆಯನ್ನು ನಂಬಿ ಶೇಂಗಾ ಬಿತ್ತಿ, ಬಿತ್ತನೆಬೀಜದ ಸಾಲವನ್ನೂ ತೀರಿಸಲಾರದಿದ್ದವನಿಗೆ ಇದು ಬಯಸದೆ ಬಂದ ಭಾಗ್ಯವೇ ಸರಿ. ಬಿಸಿಲಿಗೆ ಎಂದೂ ಬರಗಾಲವಿಲ್ಲ.

ಆದರೆ ಗುತ್ತಿಗೆಯ ಹಣವು ಪಹಣಿಯ ಹೆಸರನ್ನು ಹುಡುಕಿಕೊಂಡು ಹೋಗುತ್ತದೆ. ಕಳೆ ತೆಗೆಯಲು, ಕಾಯಿ ಬಿಡಿಸಲು ಹೋಗುತ್ತಿದ್ದ ಕೂಲಿಯ ಹೆಂಗಸಿನ ಹೆಸರು ಅದರಲ್ಲಿಲ್ಲ. ಪೈರು ಕೊಯ್ದ ಹೊಲದಲ್ಲಿ ಮಂದೆ ನಿಲ್ಲಿಸಿ ಗೊಬ್ಬರಕ್ಕೆ ಪ್ರತಿಯಾಗಿ ಕಾಳು ಪಡೆಯುತ್ತಿದ್ದ ಕುರುಬನ ಹೆಸರೂ ಇಲ್ಲ. ಚಳ್ಳಕೆರೆಯ ಕಾವಲಿನಲ್ಲಾಗಲಿ ಪಾವಗಡದ ಹೊಲದಲ್ಲಾಗಲಿ, ಕೊಡುವ ವಿಧಾನ ಎಷ್ಟೇ ಬೇರೆಯಾದರೂ ಕೈಬಿಟ್ಟುಹೋದವನು ಒಬ್ಬನೇ: ನೆಲದ ಮೇಲೆ ನಡೆಯುವ ಹಕ್ಕನ್ನು ಹೊಂದಿದ್ದು, ನೆಲವನ್ನು ಹೊಂದಿರದವನು. ಮೊಳಕಾಲ್ಮೂರು, ಚಳ್ಳಕೆರೆಗಳಲ್ಲಿ ಮುಂದೆ ಸೌರಯೋಜನೆಗಳಿಗಾಗಿ ಕರಾರು ಬರೆಯುವವರು ಮೊದಲು ವಿಚಾರಿಸಬೇಕಾದುದು ಇವನನ್ನು.

ವಿಚಾರಿಸಿದರೆ ಉಪಾಯವಿಲ್ಲದೆ ಇಲ್ಲ. ಫಲಕಗಳ ನೆರಳಿನಲ್ಲಿ ತೇವ ಆರದೆ ಹುಲ್ಲು ಬೆಳೆಯುತ್ತದೆ. ಬೆಳೆದ ಹುಲ್ಲು ಫಲಕವನ್ನು ಮುಚ್ಚಬಾರದೆಂದೂ ಬೇಸಗೆಯಲ್ಲಿ ಬೆಂಕಿ ಹತ್ತಬಾರದೆಂದೂ ಅದನ್ನು ಕಾಸು ಕೊಟ್ಟು ಕೊಯ್ಯಿಸಬೇಕಾಗುತ್ತದೆ. ಅಮೆರಿಕ, ಆಸ್ಟ್ರೇಲಿಯ ಮೊದಲಾದ ಕಡೆ ಆ ಕೆಲಸಕ್ಕೆ ಕುರಿಗಳನ್ನೇ ಬಿಟ್ಟು, ಕೆಲವೆಡೆ ಕುರಿಯವನಿಗೆ ಕೂಲಿಯನ್ನೂ ಕೊಡುತ್ತಾರೆ. ಮೇಕೆ ಹಾಗಲ್ಲ, ಅದು ಫಲಕದ ಮೇಲೆ ಹತ್ತೀತು, ತಂತಿಯನ್ನು ಕಚ್ಚೀತು. ಕುರಿಯಾದರೆ ತಲೆ ತಗ್ಗಿಸಿಕೊಂಡು ಮೇಯುವ ಪ್ರಾಣಿ. ಇದಕ್ಕೆ ಬೇಕಾದುದು ಇಷ್ಟೇ: ಫಲಕದ ಕೆಳಅಂಚು ಕುರಿಯ ಬೆನ್ನಿಗೆ ತಾಗದಷ್ಟು ಎತ್ತರದಲ್ಲಿರಬೇಕು, ತಂತಿಗಳು ಕೊಳವೆಯೊಳಗೆ ಅಡಗಿರಬೇಕು, ಬೇಲಿಯಲ್ಲಿ ಒಂದು ಬಾಗಿಲಿದ್ದು ಅದರ ಬೀಗದ ಕೈ ಯಾರ ಬಳಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ಇರತಕ್ಕದ್ದೆಂಬುದನ್ನು ಕರಾರಿನಲ್ಲಿಯೇ ಬರೆದಿರಬೇಕು. ಕಂಬಗಳನ್ನು ನೆಟ್ಟಾದ ಮೇಲೆ ಎತ್ತರಿಸುವುದು ದುಬಾರಿಯ ಕೆಲಸವಾದುದರಿಂದ, ಈ ಮಾತನ್ನು ಆಡಬೇಕಾದುದು ನಕ್ಷೆ ಇನ್ನೂ ಎಂಜಿನಿಯರರ ಮೇಜಿನ ಮೇಲಿರುವಾಗ.