ಕೊಲೆಸ್ಟರಾಲ್ ಪರೀಕ್ಷೆ: ಯಾವಾಗ, ಎಷ್ಟು ಸಲ?

ರಕ್ತಪರೀಕ್ಷೆಯ ವರದಿಯಲ್ಲಿ ‘ಒಟ್ಟು ಕೊಲೆಸ್ಟರಾಲ್’ ಎಂಬ ಸಾಲನ್ನು ನೀವು ನೋಡಿರಬಹುದು. ಅದು ಹಿರಿಯರ ಚಿಂತೆ ಎಂದು ಬದಿಗಿಟ್ಟಿರಲೂಬಹುದು. ಈ ಪರೀಕ್ಷೆಯನ್ನು ಯಾವ ವಯಸ್ಸಿನಿಂದ, ಎಷ್ಟು ವರ್ಷಕ್ಕೊಮ್ಮೆ ಮಾಡಿಸಬೇಕೆಂಬುದು ಹೇಗೆ ನಿರ್ಧಾರವಾಯಿತು ಗೊತ್ತೆ?

ಪಿತ್ತಕೋಶದ ಕಲ್ಲುಗಳಲ್ಲಿದ್ದ ಮೇಣದಂಥ ವಸ್ತುವಿಗೆ ಫ್ರಾನ್ಸಿನ ರಸಾಯನವಿಜ್ಞಾನಿ ಷೆವ್ರೂಲ್ 1815ರ ಸುಮಾರಿಗೆ ‘ಕೊಲೆಸ್ಟರೀನ್’ ಎಂದು ಹೆಸರಿಟ್ಟ. ಗ್ರೀಕ್ ಭಾಷೆಯಲ್ಲಿ ‘ಖೋಲೆ’ ಎಂದರೆ ಪಿತ್ತ, ‘ಸ್ಟೀರಿಯಸ್’ ಎಂದರೆ ಘನ. 1913ರಲ್ಲಿ ರಷ್ಯದ ಅನಿಚ್ಕೋವ್, ಸೂರ್ಯಕಾಂತಿ ಎಣ್ಣೆಯಲ್ಲಿ ಕರಗಿಸಿದ ಕೊಲೆಸ್ಟರಾಲನ್ನು ಮೊಲಗಳಿಗೆ ತಿನ್ನಿಸಿದ. ಅವುಗಳ ಅಪಧಮನಿಗಳ ಭಿತ್ತಿಯಲ್ಲಿ ಅದು ಸಂಚಯವಾಯಿತು. ಆದರೆ ಇಲಿ, ನಾಯಿಗಳಲ್ಲಿ ಹಾಗಾಗಲಿಲ್ಲ. ಹಾಗಾದರೆ ಮನುಷ್ಯರಲ್ಲಿ?

ಇದಕ್ಕೆ ಉತ್ತರ ಬೇಕಾದರೆ ಆರೋಗ್ಯವಂತರನ್ನೇ ವರ್ಷಗಟ್ಟಲೆ ಗಮನಿಸಬೇಕು. 1948ರಲ್ಲಿ ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ ಈ ಕೆಲಸ ಶುರುವಾಯಿತು. 5,209 ಸ್ತ್ರೀಪುರುಷರನ್ನು ಎರಡು ವರ್ಷಕ್ಕೊಮ್ಮೆ ಪರೀಕ್ಷಿಸುತ್ತಾ ಹೋದರು. ಕೊಲೆಸ್ಟರಾಲ್ ಹೆಚ್ಚಿದ್ದವರಲ್ಲಿ ಹೃದ್ರೋಗವೂ ಹೆಚ್ಚು ಎಂಬುದು 1961ರ ವರದಿಯಲ್ಲಿ ಸ್ಪಷ್ಟವಾಯಿತು. ಅದನ್ನು ತಗ್ಗಿಸಿದರೆ ಹೃದಯಾಘಾತವೂ ತಗ್ಗುತ್ತದೆಯೆ? 3,806 ಪುರುಷರ ಮೇಲೆ ನಡೆದ ಔಷಧ ಪ್ರಯೋಗವೊಂದು 1984ರಲ್ಲಿ ‘ಹೌದು’ ಎಂದಿತು. ಇದರ ಬೆನ್ನಲ್ಲೇ, 20 ವರ್ಷ ದಾಟಿದವರೆಲ್ಲ ಕನಿಷ್ಠ ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು 1988ರಲ್ಲಿ ಅಮೆರಿಕದ ತಜ್ಞರು ಸೂಚಿಸಿದರು.

ಪ್ರತಿ ತಿಂಗಳೂ ಏಕೆ ಬೇಡ? ಆರೋಗ್ಯವಂತರಲ್ಲಿ ಕೊಲೆಸ್ಟರಾಲ್ ಮಟ್ಟ ನಿಧಾನವಾಗಿ ಬದಲಾಗುತ್ತದೆ. ದಿನದಿಂದ ದಿನಕ್ಕೆ ಕಾಣುವ ಸಣ್ಣ ಏರಿಳಿತಕ್ಕೆ ಹೆಚ್ಚು ಅರ್ಥವಿಲ್ಲ. 2018ರ ಅಮೆರಿಕದ ಮಾರ್ಗಸೂಚಿ, ಅಪಾಯ ಕಡಿಮೆ ಇರುವ ವಯಸ್ಕರಿಗೆ ನಾಲ್ಕರಿಂದ ಆರು ವರ್ಷಗಳ ಅಂತರ ಸಾಕೆಂದಿತು. ಔಷಧ ಆರಂಭಿಸಿದವರಿಗೆ ಮಾತ್ರ 4ರಿಂದ 12 ವಾರಗಳಲ್ಲಿ ಮರುಪರೀಕ್ಷೆ, ಆಮೇಲೆ 3ರಿಂದ 12 ತಿಂಗಳಿಗೊಮ್ಮೆ. ದಕ್ಷಿಣ ಏಷ್ಯಾ ಮೂಲವನ್ನು ಅಪಾಯ ಹೆಚ್ಚಿಸುವ ಅಂಶವೆಂದೂ ಅದು ಗುರುತಿಸಿತು. ಭಾರತೀಯ ಹೃದ್ರೋಗ ತಜ್ಞರ ಸಂಘವು 2024ರಲ್ಲಿ, ಮೊದಲ ಪರೀಕ್ಷೆ 18ನೇ ವಯಸ್ಸಿಗೇ ಆಗಲಿ ಎಂದಿತು.

ಇನ್ನೊಂದು ವಿಷಯ. ಸುಮಾರು 250 ಜನರಲ್ಲಿ ಒಬ್ಬರಿಗೆ ಅಧಿಕ ಕೊಲೆಸ್ಟರಾಲ್ ಅನುವಂಶೀಯವಾಗಿಯೇ ಬರುತ್ತದೆ. ಅವರು ತೆಳ್ಳಗಿರಬಹುದು, ಚೆನ್ನಾಗಿ ಆಡಿಕೊಂಡಿರಬಹುದು, ನೋವಿಲ್ಲ, ಜ್ವರವಿಲ್ಲ. ರಕ್ತ ಪರೀಕ್ಷಿಸದೆ ತಿಳಿಯುವುದು ಕಷ್ಟ. ನಿಮ್ಮ ತಂದೆ, ತಾಯಿ ಅಥವಾ ಸೋದರಮಾವನಿಗೆ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತವಾಗಿದ್ದರೆ 18 ತುಂಬಲೆಂದು ಕಾಯಬೇಡಿ. ಈ ಸಂಗತಿಯನ್ನು ವೈದ್ಯರಿಗೆ ತಿಳಿಸಿ, ಪರೀಕ್ಷೆ ಯಾವಾಗ ಬೇಕೆಂದು ಈಗಲೇ ಕೇಳಿ.