ಡ್ರಮ್ ಅಂಡ್ ಬೇಸ್: ಏಳು ಸೆಕೆಂಡಿನ ತಾಳದಿಂದ ಬೆಳೆದ ಸಂಗೀತ

ಡ್ರಮ್ ಅಂಡ್ ಬೇಸ್ 1990ರ ದಶಕದ ಆರಂಭದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ ಕುಣಿತದ ಸಂಗೀತ. ವೇಗ ನಿಮಿಷಕ್ಕೆ ಸುಮಾರು 160ರಿಂದ 180 ಪೆಟ್ಟು. ಮೇಲೆ ಡ್ರಮ್ಮಿನ ಪೆಟ್ಟುಗಳು ಚೂರುಚೂರಾಗಿ ಧಾವಿಸಿದರೆ, ಕೆಳಗೆ ಬೇಸ್ ಹಲವು ಸಲ ಅದರ ಅರ್ಧ ವೇಗದಲ್ಲಿ ಗಂಭೀರವಾಗಿ ಸಾಗುತ್ತದೆ. ಕುಣಿಯುವವರು ಎರಡರಲ್ಲಿ ಯಾವುದನ್ನು ಹಿಡಿದೂ ಹೆಜ್ಜೆ ಹಾಕಬಹುದು. ತೀರ್ಥಹಳ್ಳಿ, ಸಾಗರದ ಕಡೆ ಡೊಳ್ಳು ಕುಣಿತ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ: ಬಲಗೈ ಕೋಲಿನ ಚುರುಕು ಪೆಟ್ಟು, ಎಡ ಅಂಗೈಯ ದಪ್ಪ ನಾದ ಒಟ್ಟಿಗೇ ಎದೆಗೆ ತಾಕುತ್ತವೆ. ಆದರೆ ಡೊಳ್ಳಿನ ಪೆಟ್ಟು ಕಣ್ಣೆದುರೇ ಹುಟ್ಟುತ್ತದೆ. ಇಲ್ಲಿನ ಪೆಟ್ಟುಗಳು ಬಹುಪಾಲು ಹಳೆಯ ರೆಕಾರ್ಡುಗಳಿಂದ ಕತ್ತರಿಸಿ ತಂದವು.

ಹಾಗೆ ತಂದವುಗಳಲ್ಲಿ ಒಂದಕ್ಕೆ ಅಗ್ರಸ್ಥಾನ. 1969ರಲ್ಲಿ ಅಮೆರಿಕದ ‘ದಿ ವಿನ್‌ಸ್ಟನ್ಸ್’ ತಂಡ ‘ಅಮೆನ್, ಬ್ರದರ್’ ಎಂಬ ವಾದ್ಯಕೃತಿಯನ್ನು ರೆಕಾರ್ಡಿನ ಎರಡನೇ ಬದಿಗೆ ನುಡಿಸಿತು. ಅದರ ನಡುವೆ ಉಳಿದ ವಾದ್ಯಗಳೆಲ್ಲ ನಿಂತು, ಗ್ರೆಗರಿ ಕೋಲ್‌ಮನ್ ಒಬ್ಬರೇ ನಾಲ್ಕು ಆವರ್ತ ಡ್ರಮ್ ಬಾರಿಸುತ್ತಾರೆ. ಒಟ್ಟು ಸುಮಾರು ಏಳು ಸೆಕೆಂಡು. ಇದೇ ಮುಂದೆ ‘ಅಮೆನ್ ಬ್ರೇಕ್’ ಎಂದು ಹೆಸರಾಯಿತು.

1980ರ ದಶಕದಲ್ಲಿ, ಧ್ವನಿಯ ತುಣುಕನ್ನು ಹಿಡಿದು ಮರುನುಡಿಸುವ ಸ್ಯಾಂಪ್ಲರ್ ಯಂತ್ರಗಳು ಕೈಗೆಟುಕುವ ಬೆಲೆಗೆ ಬಂದಾಗ ಅಮೆರಿಕದ ಹಿಪ್‌ಹಾಪ್ ಕಲಾವಿದರು ಈ ತುಣುಕನ್ನು ಮತ್ತೆ ಮತ್ತೆ ಬಳಸಿದರು. ಲಂಡನ್ನಿನ ಯುವಕರು ಅದನ್ನು ಇನ್ನಷ್ಟು ವೇಗಗೊಳಿಸಿ, ಒಂದೊಂದು ಪೆಟ್ಟನ್ನೂ ಬಿಡಿಸಿ, ಹೊಸ ಕ್ರಮದಲ್ಲಿ ಜೋಡಿಸಿದರು. ಜಮೈಕಾ ಮೂಲದ ಕುಟುಂಬಗಳು ತಂದಿದ್ದ ರೆಗೆ ಬೇಸ್ ಅದರ ಕೆಳಗೆ ಸೇರಿತು. ಪರವಾನಗಿಯಿಲ್ಲದ ರೇಡಿಯೊ ಕೇಂದ್ರಗಳು ಅದನ್ನು ಮನೆಮನೆಗೆ ಮುಟ್ಟಿಸಿದವು. ಮೊದಲು ‘ಜಂಗಲ್’ ಎನಿಸಿದ್ದ ಈ ಪ್ರಕಾರಕ್ಕೆ 1990ರ ದಶಕದ ನಡುವೆ ಡ್ರಮ್ ಅಂಡ್ ಬೇಸ್ ಎಂಬ ಹೆಸರು ನಿಂತಿತು. 1995ರಲ್ಲಿ ಗೋಲ್ಡಿ ಎಂಬ ಕಲಾವಿದರ ‘ಟೈಮ್‌ಲೆಸ್’ ಆಲ್ಬಂ ಬಂತು. 1997ರಲ್ಲಿ ಬ್ರಿಸ್ಟಲ್‌ನ ರೋನಿ ಸೈಜ್ ತಂಡದ ‘ನ್ಯೂ ಫಾರ್ಮ್ಸ್’ ಆಲ್ಬಂಗೆ ಬ್ರಿಟನ್ನಿನ ಮರ್ಕ್ಯುರಿ ಸಂಗೀತ ಪ್ರಶಸ್ತಿ ಸಂದಿತು.

ಭಾರತದ ತಾಳವೂ ಇಲ್ಲಿ ಬೆರೆತಿದೆ. ಲಂಡನ್ನಿನ ತಬಲಾ ವಾದಕ ತಲ್ವಿನ್ ಸಿಂಗ್ ಬ್ಲೂ ನೋಟ್ ಕ್ಲಬ್ಬಿನಲ್ಲಿ ‘ಅನೋಖಾ’ ಎಂಬ ಸಂಗೀತರಾತ್ರಿಗಳನ್ನು ನಡೆಸಿದರು. ತಬಲಾ ಮತ್ತು ಡ್ರಮ್ ಅಂಡ್ ಬೇಸ್ ಕೂಡಿದ ಅವರ ‘ಓಕೆ’ ಆಲ್ಬಂ 1999ರಲ್ಲಿ ಅದೇ ಪ್ರಶಸ್ತಿ ಗೆದ್ದಿತು.

ಇಷ್ಟೆಲ್ಲ ಬೆಳೆದರೂ ಕೋಲ್‌ಮನ್ ಅವರಿಗೆ ಆ ಏಳು ಸೆಕೆಂಡಿಗಾಗಿ ರಾಯಧನ ದಕ್ಕಲಿಲ್ಲ. ಅವರು 2006ರಲ್ಲಿ ಬಡತನದಲ್ಲೇ ತೀರಿಕೊಂಡರು. 2015ರಲ್ಲಿ ಅಭಿಮಾನಿಗಳು ಚಂದಾ ಎತ್ತಿ, ‘ದಿ ವಿನ್‌ಸ್ಟನ್ಸ್’ ತಂಡದ ನಾಯಕ ರಿಚರ್ಡ್ ಸ್ಪೆನ್ಸರ್ ಅವರಿಗೆ ಸುಮಾರು 24,000 ಪೌಂಡ್ ಒಪ್ಪಿಸಿದರು.