ತಟ್ಟೆಯಲ್ಲಿ ಒಂಬತ್ತು ತಿಂಗಳು

ಇಲಿಯ ಭ್ರೂಣದಿಂದ ತೆಗೆದ ನರಕೋಶಗಳನ್ನು ಗಾಜಿನ ಮೇಲೆ ಬಿತ್ತಿದರೆ ಎರಡು ಮೂರು ವಾರಗಳಲ್ಲಿ ಅವು ಒಂದಕ್ಕೊಂದು ಸಿನಾಪ್ಸ್ ಎಂಬ ಸಂಪರ್ಕ ಬೆಸೆದುಕೊಂಡು ಮಾತಿಗೆ ಕೂರುತ್ತವೆ. ಮನುಷ್ಯನ ನರಕೋಶಕ್ಕೆ ಇದೇ ಕೆಲಸಕ್ಕೆ ತಿಂಗಳುಗಟ್ಟಲೆ ಬೇಕು. ಬಿಸಿ ಅಷ್ಟೇ, ತಟ್ಟೆ ಅದೇ; ಗಡಿಯಾರ ಮಾತ್ರ ಬೇರೆ. ಪ್ರಯೋಗಾಲಯದಲ್ಲಿ ಮೆದುಳಿನ ಅಂಗಾಂಶ ಬೆಳೆಸುವ ವಿದ್ಯೆ ನೂರು ವರ್ಷಕ್ಕೂ ಮಿಕ್ಕಿ ನಡೆದುಬಂದ ದಾರಿಯನ್ನು ನೋಡಿದರೆ, ನನಗೆ ಮುಖ್ಯವಾಗಿ ಕಾಣುವುದು ಈ ಗಡಿಯಾರದ ಜೊತೆಗಿನ ಜಟಾಪಟಿ.

ಸಿನಾಪ್ಸ್‌ಗೆ ಹೆಸರು ಮೊದಲು ಬಂತು, ದರ್ಶನ ಆಮೇಲೆ. 1897ರಲ್ಲಿ ಇಂಗ್ಲೆಂಡಿನ ಚಾರ್ಲ್ಸ್ ಶೆರಿಂಗ್ಟನ್ ಆ ಪದವನ್ನು ಬಳಕೆಗೆ ತಂದಾಗ ಅದನ್ನು ಯಾರೂ ಕಂಡಿರಲಿಲ್ಲ. ಸುಮಾರು 20 ನ್ಯಾನೋಮೀಟರ್ ಅಗಲದ ಆ ಸಂದು ಕಣ್ಣಿಗೆ ಬಿದ್ದದ್ದು 1950ರ ದಶಕದಲ್ಲಿ, ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ. ಅಲ್ಲಿಯವರೆಗೆ ವಿಜ್ಞಾನಿಗಳಲ್ಲಿ ಜಗಳವಿತ್ತು: ನರಮಂಡಲವೆಂದರೆ ಒಡೆಯದೆ ಹೆಣೆದ ಒಂದೇ ಬಲೆ ಎಂದು ಇಟಲಿಯ ಗಾಲ್ಜಿ, ಇಲ್ಲ, ಬಿಡಿಬಿಡಿ ಕೋಶಗಳ ಸಂತೆ ಎಂದು ಸ್ಪೇನಿನ ಕಹಾಲ್. 1906ರ ನೊಬೆಲ್ ಬಹುಮಾನವನ್ನು ಇಬ್ಬರೂ ಹಂಚಿಕೊಂಡರು, ಜಗಳ ಬಗೆಹರಿಯಲಿಲ್ಲ. ಮರುವರ್ಷ ಅಮೆರಿಕದ ರಾಸ್ ಹ್ಯಾರಿಸನ್ ಕಪ್ಪೆಯ ಭ್ರೂಣದಿಂದ ನರದ ಚೂರೊಂದನ್ನು ಕಿತ್ತು, ಗಾಜಿನ ತುಣುಕಿನಿಂದ ತೂಗಿಬಿದ್ದ ದುಗ್ಧರಸದ ಹನಿಯೊಳಗಿಟ್ಟರು. ಕೋಶದಿಂದ ಎಳೆಯೊಂದು ತಾನಾಗಿ ಹೊರಟು, ತುದಿಯನ್ನು ಅತ್ತಿತ್ತ ಚಾಚುತ್ತ ಮುಂದೆ ಹೋಯಿತು. ಕಹಾಲ್ ಪಕ್ಷಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಬೇಕಿರಲಿಲ್ಲ. ದೇಹದ ಹೊರಗೂ ನರಕೋಶ ಬದುಕುತ್ತದೆ, ಬೆಳೆಯುತ್ತದೆ ಎಂಬುದೂ ಅದೇ ಹನಿಯಲ್ಲಿ ಸಿದ್ಧವಾಯಿತು.

ಮುಂದಿನ ದೊಡ್ಡ ಹೆಜ್ಜೆ ಎಪ್ಪತ್ತು ವರ್ಷಗಳಷ್ಟು ದೂರ. 1977ರಲ್ಲಿ ಗ್ಯಾರಿ ಬ್ಯಾಂಕರ್ ಮತ್ತು ಮ್ಯಾಕ್ಸ್‌ವೆಲ್ ಕೋವನ್ ಇಲಿಯ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗದ ಕೋಶಗಳನ್ನು ಬಿಡಿಸಿ ಬೆಳೆಸುವ ಹದ ಕಂಡುಕೊಂಡರು. ಆದರೆ ಅವು ಒಂಟಿಯಾಗಿ ಬಾಳುತ್ತಿರಲಿಲ್ಲ. ಮೆದುಳಿನ ಪೋಷಕ ಕೋಶಗಳಾದ ಗ್ಲಯಾ ಹತ್ತಿರದಲ್ಲಿರಬೇಕಿತ್ತು, ಆದರೆ ಬೆರೆಯಬಾರದು. ಇದಕ್ಕೆ ಬ್ಯಾಂಕರ್ ಹೂಡಿದ ಉಪಾಯ ಅಡುಗೆಮನೆಯದಂತಿದೆ: ನರಕೋಶ ಬಿತ್ತಿದ ಗಾಜಿನ ತುಣುಕಿನ ಮೇಲೆ ಮೂರು ನಾಲ್ಕು ಹನಿ ಮೇಣ ಬಿಡುವುದು, ಅದನ್ನು ಗ್ಲಯಾ ಹಾಸಿದ ತಟ್ಟೆಯೊಳಗೆ ಬೋರಲು ಮಾಡಿ ಇಡುವುದು. ಮೇಣದ ಕಾಲುಗಳ ಮೇಲೆ ಗಾಜು ನಿಲ್ಲುತ್ತದೆ, ಕೆಳಗಿನ ಕೋಶಗಳ ಸ್ರಾವ ಮೇಲಕ್ಕೆ ಮುಟ್ಟುತ್ತದೆ. ಇಂದಿಗೂ ಈ ಮೇಣದ ಕಾಲಿನ ತಟ್ಟೆಗಳು ಚಾಲ್ತಿಯಲ್ಲಿವೆ.

ಆ ಸ್ರಾವದ ಮಹತ್ವ ಪೂರ್ತಿ ತಿಳಿದದ್ದು ಸ್ಟ್ಯಾನ್‌ಫರ್ಡ್‌ನ ಬೆನ್ ಬ್ಯಾರೆಸ್ ಅವರ ಪ್ರಯೋಗಾಲಯದಲ್ಲಿ. ಗ್ಲಯಾ ಇಲ್ಲದೆ ಬೆಳೆಸಿದ ನರಕೋಶಗಳು ಆರೋಗ್ಯವಾಗಿ ಕಂಡರೂ ಅವುಗಳ ನಡುವೆ ಸಿನಾಪ್ಸ್ ತೀರಾ ಕಡಿಮೆ. ಗ್ಲಯಾ ಸೇರಿಸಿದರೆ ಸಂಖ್ಯೆ ಏಳು ಪಟ್ಟು ಏರುತ್ತದೆ ಎಂದು 2001ರಲ್ಲಿ ಅವರ ತಂಡ ತೋರಿಸಿತು. ಮಾತಾಡುವವರು ಇಬ್ಬರಾದರೂ ಮಾತಿಗೆ ಕೂರಿಸುವ ಮೂರನೆಯವರು ಬೇಕು.

ಇಷ್ಟೆಲ್ಲ ಇಲಿಯದಾಯಿತು. ಮನುಷ್ಯನ ಮೆದುಳು ಸಿಗುತ್ತಿದ್ದುದು ಹೆಚ್ಚಾಗಿ ಮರಣಾನಂತರ. ಪೀಟರ್ ಹಟನ್‌ಲಾಕರ್ 1979ರಲ್ಲಿ ಅಂಥ ಮೆದುಳುಗಳಲ್ಲಿ ಸಿನಾಪ್ಸ್ ಎಣಿಸಿ, ಒಂದೆರಡು ವರ್ಷದ ಮಗುವಿನ ಮುಂಭಾಗದ ಮೆದುಳಿನಲ್ಲಿ ದೊಡ್ಡವರಿಗಿಂತ ಸುಮಾರು ಶೇ 50ರಷ್ಟು ಹೆಚ್ಚು ಸಾಂದ್ರತೆ ಇರುತ್ತದೆ ಎಂದರು. ಅಮೂಲ್ಯವಾದ ಲೆಕ್ಕ, ಆದರೆ ನಿಂತ ಚಿತ್ರ. ನಡೆಯುವ ಚಿತ್ರ ಬೇಕಿದ್ದರೆ ಜೀವಂತ ಮಾನವ ಕೋಶಗಳು ಬೇಕು. 2007ರಲ್ಲಿ ಶಿನ್ಯಾ ಯಮನಾಕ ಮನುಷ್ಯನ ಚರ್ಮದ ಕೋಶವನ್ನು ಹಿಂದಕ್ಕೆ ನಡೆಸಿ, ಯಾವ ಬಗೆಯ ಕೋಶವಾದರೂ ಆಗಬಲ್ಲ ಆಕರಕೋಶವಾಗಿಸಿದ ಮೇಲೆ ಆ ಬರ ನೀಗಿತು.

ಕೋಶ ಸಿಕ್ಕಿತು, ಅದರಿಂದ ಮೆದುಳು ಮಾಡಿಸುವುದು ಹೇಗೆ? ಜಪಾನಿನ ರಿಕೆನ್ ಸಂಸ್ಥೆಯ ಯೋಶಿಕಿ ಸಸಾಯ್ ಕೊಟ್ಟ ಉತ್ತರ, ‘ಆದಷ್ಟು ಕೈ ಹಾಕಬೇಡಿ’ ಎಂಬಂತಿತ್ತು. ಕೋಶಗಳನ್ನು ಗುಂಪುಗೂಡಲು ಬಿಟ್ಟು, ಹೊರಗಿನ ರಾಸಾಯನಿಕ ಆದೇಶಗಳನ್ನು ತಗ್ಗಿಸಿದಾಗ ಅವು ತಾವಾಗಿಯೇ ಮೆದುಳಿನ ಹೊರಪದರದಂಥ ಅಂಗಾಂಶವಾಗುವುದನ್ನು ಅವರ ತಂಡ 2008ರಲ್ಲಿ ವರದಿ ಮಾಡಿತು. ಇಡೀ ಕ್ಷೇತ್ರದ ಮೂಲಸೂತ್ರ ಇದೇ ಎಂಬುದು ನನ್ನ ಅನಿಸಿಕೆ. ಉಳಿದದ್ದೆಲ್ಲ ಇದರ ಮೇಲೆ ಎದ್ದ ಅಂತಸ್ತುಗಳು.

ಜಗತ್ತಿನ ಕಣ್ಣಿಗೆ ಬಿದ್ದದ್ದು ಮಾತ್ರ 2013ರ ವಿಯೆನ್ನಾ. ಮೆಡ್‌ಲಿನ್ ಲ್ಯಾಂಕಾಸ್ಟರ್ ಮತ್ತು ಯೂರ್ಗನ್ ನೋಬ್ಲಿಷ್ ಬೆಳೆಸಿದ ಆರ್ಗನಾಯ್ಡ್, ಅಂದರೆ ಆಕರಕೋಶಗಳಿಂದಾದ ಅಂಗಾಂಶದ ಉಂಡೆ, ನಾಲ್ಕು ಮಿಲಿಮೀಟರ್‌ವರೆಗೆ ಬೆಳೆಯುತ್ತಿತ್ತು, ಹೆಚ್ಚೆಂದರೆ ಒಂದು ಹೆಸರುಕಾಳು. ವಿಧಾನ ನೋಡಲು ಸೊಗಸು: ಮೇಣದಂಥ ಪ್ಯಾರಾಫಿಲ್ಮ್ ಹಾಳೆಯನ್ನು ಒತ್ತಿ ಪಡ್ಡಿನ ಹಂಚಿನಂತೆ ಪುಟ್ಟ ಗುಳಿಗಳನ್ನು ಮಾಡುತ್ತಾರೆ, ಗುಳಿಗೊಂದರಂತೆ ಕೋಶದ ಉಂಡೆಯನ್ನಿಟ್ಟು ಮೇಲೆ ಮ್ಯಾಟ್ರಿಜೆಲ್ ಎಂಬ ಲೋಳೆಯ ಹನಿ ಬಿಡುತ್ತಾರೆ, ಅದು ಗಟ್ಟಿಯಾದ ಮೇಲೆ ನಿಧಾನವಾಗಿ ತಿರುಗುವ ಪಾತ್ರೆಗೆ ಹಾಕುತ್ತಾರೆ. ಪತ್ರಿಕೆಗಳು ಇದಕ್ಕೆ ‘ಮಿನಿ ಬ್ರೇನ್’ ಎಂದು ನಾಮಕರಣ ಮಾಡಿಬಿಟ್ಟವು. ಆ ಹೆಸರು ನನಗೆ ಒಪ್ಪಿಗೆಯಿಲ್ಲ. ರಕ್ತನಾಳ ಇಲ್ಲದ, ಅದೇ ಕಾರಣಕ್ಕೆ ನಡುಭಾಗ ಸಾಯುವ, ಕಣ್ಣು ಕಿವಿಗಳ ಸುದ್ದಿಯೇ ತಲುಪದ ಮುದ್ದೆಯನ್ನು ಮೆದುಳು ಎನ್ನುವುದು ಇಟ್ಟಿಗೆ ರಾಶಿಯನ್ನು ಮನೆ ಎಂದಂತೆ.

ಆದರೂ ಅದು ಹೇಳಿದ ಸಂಗತಿ ಚಿಕ್ಕದಲ್ಲ. ತಲೆ ತೀರಾ ಚಿಕ್ಕದಾಗಿ ಹುಟ್ಟುವ ಮೈಕ್ರೊಸೆಫಲಿ ರೋಗಿಯೊಬ್ಬರ ಕೋಶದಿಂದ ಬೆಳೆಸಿದ ಆರ್ಗನಾಯ್ಡ್‌ಗಳು ಚಿಕ್ಕದಾಗಿಯೇ ಉಳಿದವು. ಇನ್ನೂ ಇಮ್ಮಡಿಯಾಗುತ್ತ ಇರಬೇಕಿದ್ದ ಮೂಲಕೋಶಗಳು ಬೇಗನೆ ನರಕೋಶಗಳಾಗಿ, ದಾಸ್ತಾನು ಮುಗಿದುಹೋಗಿತ್ತು. ರೋಗದ ಬೇರು ಅವಸರ. ಈ ಮಾತು ಮುಂದೆ ಮತ್ತೆ ಬರುತ್ತದೆ.

ಸಿನಾಪ್ಸ್ ಬೇಕಾದವರಿಗೆ ಆರ್ಗನಾಯ್ಡ್ ಬದುಕಿದರೆ ಸಾಲದು, ವಯಸ್ಸಾಗಬೇಕು. ಸ್ಟ್ಯಾನ್‌ಫರ್ಡ್‌ನ ಸೆರ್ಜಿಯು ಪಾಷ್ಕ ಇದರ ಪಟ್ಟು ಹಿಡಿದವರು. 2015ರಲ್ಲಿ ಅವರು ಬೆಳೆಸಿದ ಗೋಳಾಕಾರದ ಆರ್ಗನಾಯ್ಡ್‌ಗಳಲ್ಲಿ ಗ್ಲಯಾ ಕೋಶಗಳು ತಾವಾಗಿಯೇ, ನರಕೋಶಗಳ ನಂತರ, ಬಸಿರಲ್ಲಿ ಬರುವ ಸರದಿಯಲ್ಲೇ ಬಂದವು. ಬ್ಯಾಂಕರ್ ಮೇಣದ ಮೇಲೆ ನಿಲ್ಲಿಸಿ ಒದಗಿಸಿದ್ದನ್ನು ಅಂಗಾಂಶ ತಾನೇ ಒದಗಿಸಿಕೊಂಡಿತು. 2017ರಲ್ಲಿ ಮೆದುಳಿನ ಎರಡು ಭಾಗಗಳನ್ನು ಹೋಲುವ ಗೋಳಗಳನ್ನು ಅಂಟಿಸಿದಾಗ, ಒಂದರ ಕೋಶಗಳು ಇನ್ನೊಂದಕ್ಕೆ ವಲಸೆ ಹೋಗಿ ಸಿನಾಪ್ಸ್ ಬೆಸೆದವು.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು 2021ರ ವರದಿ. ಸಿನಾಪ್ಸ್‌ನಲ್ಲಿ ಸಂಕೇತ ಹಿಡಿಯುವ ಗ್ರಾಹಕಗಳಲ್ಲಿ ಎನ್‌ಎಮ್‌ಡಿಎ ಎಂಬುದೊಂದಿದೆ. ಅದರ ಒಂದು ಬಿಡಿಭಾಗ ಹುಟ್ಟಿಗೆ ಮುಂಚೆ ಒಂದು ಬಗೆಯದು, ಹುಟ್ಟಿದ ಮೇಲೆ ಇನ್ನೊಂದು ಬಗೆಯದು. ತಟ್ಟೆಯಲ್ಲಿಟ್ಟ ಗೋಳಗಳು 250ರಿಂದ 300 ದಿನಗಳ ನಡುವೆ ಈ ಬದಲಾವಣೆಯ ಹಾದಿ ಹಿಡಿದವು. ತಾಯಿಯಿಲ್ಲ, ಹೆರಿಗೆಯಿಲ್ಲ, ಬೆಳಕು ಕಂಡಿಲ್ಲ. ಒಂಬತ್ತು ತಿಂಗಳು ತುಂಬಿತೆಂದು ಕೋಶಕ್ಕೆ ಗೊತ್ತಿತ್ತು.

ಈ ನಿಧಾನ ಬರೀ ಸೋಮಾರಿತನವಲ್ಲ. ಎಸ್‌ಆರ್‌ಗ್ಯಾಪ್2ಸಿ ಎಂಬ ಜೀನ್ ಮನುಷ್ಯ ವಂಶದಲ್ಲಿ ಮಾತ್ರ ಇದೆ. ಅದನ್ನು ಇಲಿಗೆ ಸೇರಿಸಿದರೆ ಸಿನಾಪ್ಸ್ ಕೂರುವ ಮುಳ್ಳುಗಳು ಮಾಗುವುದು ತಡವಾಗುತ್ತದೆ, ಸಂಖ್ಯೆ ಹೆಚ್ಚುತ್ತದೆ ಎಂದು 2012ರಲ್ಲಿ ಗೊತ್ತಾಯಿತು. ಬುದ್ಧಿಮಾಂದ್ಯ ಮತ್ತು ಅಪಸ್ಮಾರಕ್ಕೆ ಕಾರಣವಾಗುವ ಸಿನ್‌ಗ್ಯಾಪ್1 ಜೀನಿನ ದೋಷ ಇದಕ್ಕೆ ತದ್ವಿರುದ್ಧ. ಅದರ ಒಂದು ಪ್ರತಿ ಕೆಟ್ಟ ಇಲಿಮರಿಗಳಲ್ಲಿ ಸಿನಾಪ್ಸ್ ಅಕಾಲದಲ್ಲಿ ಮಾಗಿತು. 2024ರಲ್ಲಿ ಬೆಲ್ಜಿಯಂನ ಲೂವೆನ್‌ನಲ್ಲಿ, ಇಲಿಯ ಮೆದುಳಿಗೆ ನೆಟ್ಟ ಮಾನವ ನರಕೋಶಗಳಲ್ಲೂ ಅದೇ ಕಂಡಿತು. ಈ ಜೀನಿನ ಮೇಲೆ ಬೆಂಗಳೂರಿನ ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲೂ ಕೆಲಸ ನಡೆದಿದೆ. ನಗರದ ಇನ್ನೊಂದು ಪ್ರಯತ್ನ 2016ರಲ್ಲಿ ಶುರುವಾಯಿತು: ನಿಮ್ಹಾನ್ಸ್, ಎನ್‌ಸಿಬಿಎಸ್, ಇನ್‌ಸ್ಟೆಮ್ ಎಂಬ ಮೂರು ಸಂಶೋಧನಾ ಸಂಸ್ಥೆಗಳು ಸೇರಿ, ಒಂದೇ ಮನೆಯ ಹಲವರಿಗೆ ತೀವ್ರ ಮನೋರೋಗವಿರುವ ಕುಟುಂಬಗಳ ರಕ್ತದಿಂದ ಆಕರಕೋಶ ಸಿದ್ಧಪಡಿಸಲು ಹೊರಟವು. ಮರಣಾನಂತರ ಪಡೆದ ಮೆದುಳುಗಳನ್ನು ಕಾಪಿಡುವ ನಿಮ್ಹಾನ್ಸ್‌ನ ಮೆದುಳು ಬ್ಯಾಂಕಿನಲ್ಲಿ ರೋಗದ ಕೊನೆ ಕಾಣುತ್ತದೆ. ಈ ಕೋಶಗಳಲ್ಲಿ ಮೊದಲನ್ನು ಹುಡುಕಬಹುದು.

ಹಾಗೆಂದು ತಟ್ಟೆ ಎಲ್ಲವನ್ನೂ ಹೇಳುವುದಿಲ್ಲ. ಬೇಡದ ಸಿನಾಪ್ಸ್‌ಗಳನ್ನು ಕಳೆ ಕೀಳುವಂತೆ ತೆಗೆಯುವ ಮೈಕ್ರೊಗ್ಲಯಾ ಕೋಶಗಳು ಭ್ರೂಣದ ಯೋಕ್ ಚೀಲದಿಂದ ಬರುವಂಥವು, ಹಾಗಾಗಿ ಆರ್ಗನಾಯ್ಡ್‌ಗೆ ಅವನ್ನು ಹೊರಗಿನಿಂದ ಸೇರಿಸಬೇಕಾಗುತ್ತದೆ. ಅನುಭವವಂತೂ ಇಲ್ಲವೇ ಇಲ್ಲ. 2022ರಲ್ಲಿ ಪಾಷ್ಕ ತಂಡ ಆರ್ಗನಾಯ್ಡ್‌ಗಳನ್ನು ಹಸುಗೂಸು ಇಲಿಗಳ ಮೆದುಳಿಗೆ ನೆಟ್ಟಿತು. ರಕ್ತ ಹರಿಯಿತು, ಮೀಸೆ ಅಲುಗಿಸಿದರೆ ಮಾನವ ನರಕೋಶ ಸ್ಪಂದಿಸಿತು, ಕೋಶಗಳು ತಟ್ಟೆಯಲ್ಲಿದ್ದವಕ್ಕಿಂತ ಸುಮಾರು ಆರು ಪಟ್ಟು ದೊಡ್ಡವಾದವು. ಟಿಮೊತಿ ಸಿಂಡ್ರೋಮ್ ಎಂಬ ಅಪರೂಪದ ಜೀನ್‌ದೋಷದ ರೋಗಿಗಳ ನರಕೋಶಗಳಲ್ಲಿ ತಟ್ಟೆಯಲ್ಲಿ ಕಾಣದಿದ್ದ ದೋಷಗಳು ಇಲ್ಲಿ ಕಂಡವು.

ಈಗ ಗಡಿಯಾರದ ಮುಳ್ಳನ್ನೇ ಮುಂದೆ ತಳ್ಳುವ ಕಾಲ. ಕೋಶದ ಶಕ್ತಿಕೇಂದ್ರವಾದ ಮೈಟೊಕಾಂಡ್ರಿಯಾದ ಕೆಲಸ ಚುರುಕುಗೊಳಿಸಿದರೆ ಮಾನವ ನರಕೋಶ ಬೇಗ ಮಾಗುತ್ತದೆ ಎಂದು ಲೂವೆನ್ ತಂಡ 2023ರಲ್ಲಿ ತೋರಿಸಿತು; ಡಿಎನ್‌ಎ ಸುತ್ತಿಕೊಂಡ ಪ್ರೋಟೀನುಗಳ ಮೇಲಿನ ತಡೆಯನ್ನು ಸಡಿಲಿಸಿಯೂ ಅದನ್ನು ಮಾಡಬಹುದೆಂದು ಮರುವರ್ಷ ನ್ಯೂಯಾರ್ಕಿನ ತಂಡವೊಂದು ಹೇಳಿತು. ಔಷಧ ಪರೀಕ್ಷಿಸುವವರಿಗೆ ಇದು ವರವೇ ಸರಿ. ನನಗೆ ಒಂದು ಅಳುಕಿದೆ: ಅವಸರವೇ ರೋಗವಾಗಿರುವ ಕಡೆ, ಅವಸರಪಡಿಸಿ ಬೆಳೆಸಿದ ಅಂಗಾಂಶದಲ್ಲಿ ರೋಗ ಯಾವುದು, ವಿಧಾನ ಯಾವುದು ಎಂದು ಬೇರ್ಪಡಿಸುವುದು ಹೇಗೆ? ಹಳೆಯ ರೀತಿಯಲ್ಲಿ ಕಾಯುವ ಪ್ರಯೋಗಾಲಯಗಳೂ ಇವೆ. ಅಲ್ಲಿ ಇನ್‌ಕ್ಯುಬೇಟರ್ ಬಾಗಿಲಿನ ಮೇಲೆ ಕೋಶಗಳ ಪೋಷಕ ದ್ರವವಾದ ಮೀಡಿಯಂ ಬದಲಿಸುವವರ ಸರದಿ ಪಟ್ಟಿ ಅಂಟಿಸಿರುತ್ತಾರೆ, ಮೂರು ನಾಲ್ಕು ದಿನಕ್ಕೊಬ್ಬರಂತೆ. ಅದರಲ್ಲಿ ಭಾನುವಾರಕ್ಕೂ ಒಂದು ಹೆಸರಿರುತ್ತದೆ, ಹಬ್ಬಕ್ಕೂ ಒಂದು.